ಅದನ್ನು ‘ಕೌಟುಂಬಿಕ ಕಲಹ’ ಅಂತ ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಗಂಡ ಹೆಂಡತಿಯನ್ನು ಹೊಡೆದು ಸಾಯಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ‘ಕೌಟುಂಬಿಕ ಕಲಹದ ಹಿನ್ನೆಲೆಯಲ್ಲಿ’ ಅನ್ನುವ ಮಾತು ಜೊತೆಗೇ ಬರುತ್ತದೆ. ಕೆಲವೊಮ್ಮೆ ‘ಕ್ಷುಲ್ಲಕ ಕಾರಣಕ್ಕೆ’ ಅಂತ. ಕಲಹ ಅಂದರೆ ಇಬ್ಬರೂ ಆಡುವ ಜಗಳ ಅಲ್ವಾ? ಒಬ್ಬ ಹೊಡೆಯುತ್ತಾನೆ, ಒಬ್ಬಳು ಹೊಡೆತ ತಿನ್ನುತ್ತಾಳೆ. ಅದು ಕಲಹ ಹೇಗಾಗುತ್ತದೆ? ಈ ಮಾತು ನನ್ನನ್ನು ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಇಂಥದ್ದೇ ಮಾತು ಹೇಳಿಕೊಂಡು ನಾನೂ ಎರಡು ವರ್ಷ ಸುಮ್ಮನಿದ್ದೆ.

ಆಗ ನಾವು ಬಾಡಿಗೆಗಿದ್ದ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. ರಾತ್ರಿ ಹತ್ತರ ಮೇಲೆ ಮೊದಲು ಪಾತ್ರೆ ಬೀಳುವ ಸದ್ದು ಕೇಳುತ್ತಿತ್ತು, ಆಮೇಲೆ ಅವಳ ದನಿ: ‘ಮೆಲ್ಲಗೆ ರೀ, ಮಗು ಎದ್ದುಬಿಡುತ್ತೆ.’ ಹೊಡೆಯಬೇಡಿ ಅಂತ ಅಲ್ಲ, ಮೆಲ್ಲಗೆ ಅಂತ. ನಾವು ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದೆವು. ನಮ್ಮ ಅತ್ತೆ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ನಲ್ಲಿ ಹತ್ತಿರ ನೋಡಿದೆ, ಬಳೆ ಒಡೆದು ಮುಂಗೈ ಸೀಳಿತ್ತು, ಅದರ ಮೇಲೆ ಅರಿಶಿನ ಮೆತ್ತಿಕೊಂಡಿದ್ದಳು. ‘ಬಚ್ಚಲಲ್ಲಿ ಜಾರಿದೆ ಅಕ್ಕ’ ಅಂದಳು. ಬಚ್ಚಲಲ್ಲಿ ಜಾರಿದರೆ ಕತ್ತಿನ ಮೇಲೆ ಬೆರಳಿನ ಗುರುತು ಮೂಡುವುದಿಲ್ಲ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತು ಅಂತ ಅವಳಿಗೂ ಗೊತ್ತಿತ್ತು. ಕೊಡ ಎತ್ತಿ ಕೊಟ್ಟು ಒಳಗೆ ಬಂದೆ. ತವರಿನವರು ಎರಡು ಸಲ ‘ಹೊಂದಿಕೊಂಡು ಹೋಗು’ ಅಂತ ವಾಪಸ್ ಕಳಿಸಿದ್ದರು. ಆಮೇಲೊಂದು ದಿನ ಆ ಮನೆಗೆ ಬೀಗ ಬಿತ್ತು. ಎಲ್ಲಿಗೆ ಹೋದರೋ ಇವತ್ತಿಗೂ ಗೊತ್ತಿಲ್ಲ.

ನಾನು ಏನು ಮಾಡಬಹುದಿತ್ತು ಅನ್ನುವುದು ಎಷ್ಟೋ ಕಾಲದ ಮೇಲೆ ಅಂಗನವಾಡಿ ಟೀಚರ್ ಒಬ್ಬರಿಂದ ಗೊತ್ತಾಯಿತು. ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆಸಿಕೊಂಡವಳೇ ಬಂದು ದೂರು ಕೊಡಬೇಕು ಅಂತ ಅದರಲ್ಲಿಲ್ಲ. ಪಕ್ಕದ ಮನೆಯವರೂ ರಕ್ಷಣಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿಗೆ, ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ಆಗುವುದಿಲ್ಲ ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಎಲ್ಲರೂ ಸಿಡಿಪಿಒ ಅನ್ನುವವರೇ, ರಕ್ಷಣಾಧಿಕಾರಿ. ಅಂಗನವಾಡಿಗೆ ಮಗು ಬಿಡಲು ದಿನಾ ಹೋಗುವ ನಮಗೆ ಇದು ಗೊತ್ತಿಲ್ಲ! ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲೇ ಇರುವ ಹಕ್ಕಿದೆ. ಮಾವನ ಹೆಸರಿನ ಮನೆಗೂ ಈ ಹಕ್ಕು ಅನ್ವಯಿಸಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ‘ನನ್ನ ಮನೆಯಿಂದ ಆಚೆ ಹೋಗು’ ಅನ್ನುವ ಬೆದರಿಕೆಗೆ ಹೆದರಿ ಎಷ್ಟು ಜನ ಬಾಯಿ ಮುಚ್ಚಿಕೊಂಡಿದ್ದಾರೋ.

ಇದು ಎಲ್ಲೋ ಒಂದು ಮನೆಯ ಕತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂತ ಹೇಳಿದ ಮದುವೆಯಾದ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಶೇ 44ಕ್ಕಿಂತ ಜಾಸ್ತಿ. ಬಾಯಿಬಿಟ್ಟು ಹೇಳಿದವರ ಲೆಕ್ಕ ಇದು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಆತ್ಮಹತ್ಯೆ ಸುದ್ದಿಯ ಕೆಳಗೆ ಸಹಾಯವಾಣಿ ನಂಬರ್ ಹಾಕುತ್ತಾರಲ್ಲ, ಹಾಗೆ ಇಂಥ ಸುದ್ದಿಯ ಕೆಳಗೂ ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಅಂತ ಹಾಕಿ. ‘ಪಕ್ಕದ ಮನೆಯವರೂ ಫೋನ್ ಮಾಡಬಹುದು’ ಅನ್ನುವುದನ್ನು ಬಿಡದೆ ಸೇರಿಸಿ. ಎರಡು ಸಾಲಿನ ಜಾಗ ಸಾಕು. ಮತ್ತೆ, ‘ಕಲಹ’ ತೆಗೆದು ‘ಹೊಡೆದ’ ಅಂತಲೇ ಬರೆಯಿರಿ.

– ಒಬ್ಬ ಓದುಗಿ, ತುಮಕೂರು