ಬಾಸ್ಟನ್ನಿನ ದರಕು

ಬಾಸ್ಟನ್
ಅಕ್ಟೋಬರ್ ಕೊನೆಯ ವಾರ

ತೀರ್ಥರೂಪು ಅಪ್ಪಯ್ಯನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮ ಮತ್ತು ಆಯಿಯ ಕ್ಷೇಮಕ್ಕೆ ಬರೆಯುತ್ತಿರಬೇಕಾಗಿ ವಿನಂತಿ.

ಕಳೆದ ಭಾನುವಾರ ಊರ ನಡುವಿನ ಪಬ್ಲಿಕ್ ಗಾರ್ಡನ್ನಿಗೆ ಹೋಗಿದ್ದೆ. ಅಲ್ಲಿನ ಹಂಸದ ದೋಣಿಗಳು ಬೇಸಿಗೆ ಮುಗಿಯುತ್ತಲೇ ಕೊಳ ಬಿಟ್ಟಿದ್ದರಿಂದ ಹೆಚ್ಚು ಹೊತ್ತು ನಿಲ್ಲದೆ, ಆರೆಂಜ್ ಲೈನ್ ರೈಲು ಹಿಡಿದು ಫಾರೆಸ್ಟ್ ಹಿಲ್ಸ್‌ನಲ್ಲಿಳಿದು ಆರ್ನಾಲ್ಡ್ ಆರ್ಬೊರೇಟಮ್ ಎಂಬ ವೃಕ್ಷೋದ್ಯಾನಕ್ಕೆ ನಡೆದೆ. 1872ರಲ್ಲಿ ಆರಂಭವಾದ, 281 ಎಕರೆಯ ಈ ತೋಟವನ್ನು ನೋಡಿಕೊಳ್ಳುವುದು ಹಾರ್ವರ್ಡ್ ವಿಶ್ವವಿದ್ಯಾಲಯ. 1882ರಲ್ಲಿ ನಗರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಭೂಮಿ ನಗರದ್ದು, ಗೇಣಿಯ ಅವಧಿ ಸಾವಿರ ವರ್ಷ, ಗೇಣಿ ವರ್ಷಕ್ಕೆ ಒಂದು ಡಾಲರ್! ಗೇಣಿ ಕಾನೂನಿನ ದಿನಗಳನ್ನು ಕಂಡ ನೀವು ಇದನ್ನೋದಿ ನಕ್ಕೀರಿ. ಒಳಗೆ ಹೋಗಲು ಟಿಕೆಟ್ ಇಲ್ಲ.

ಒಂದು ತಿರುವಿನಲ್ಲಿ ನಮ್ಮ ಆಲೆಮನೆಯ ವಾಸನೆ ಬಂತು. ಸುತ್ತ ನೋಡಿದರೆ ಒಲೆಯೂ ಇಲ್ಲ, ಕೊಪ್ಪರಿಗೆಯೂ ಇಲ್ಲ. ಕಟ್ಸುರಾ ಎಂಬ ಮರವೊಂದು ವೀಳ್ಯದೆಲೆಯ ಮರಿಯಂತಿದ್ದ ತನ್ನ ಹಳದಿ ಎಲೆಗಳನ್ನು ಉದುರಿಸುತ್ತಾ ನಿಂತಿತ್ತು. ಹಸಿರಿದ್ದಾಗ ಈ ಎಲೆಗೆ ಆ ವಾಸನೆ ಇರುವುದಿಲ್ಲ. ಹಣ್ಣಾಗಿ ಉದುರುವಾಗ ಮಾಲ್ಟಾಲ್ ಎಂಬ ವಸ್ತುವಿನಿಂದ ಸುಟ್ಟ ಸಕ್ಕರೆಯ ಪರಿಮಳ ಹೊರಡುತ್ತದೆಯಂತೆ. ಕೆಳಗೆ ಬಿದ್ದ ಒಂದೆಲೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದಾಗ, ಜೋನಿಬೆಲ್ಲ ತುಸು ತಳ ಹಿಡಿದಾಗ ಆಯಿ ಗದರುತ್ತಿದ್ದುದೇ ನೆನಪಾಯಿತು. ಅಲ್ಲಿ ಉದುರಿದ್ದ ಒಣಗಿದ ಎಲೆಗಳ ದರಕನ್ನು ಕಂಡಿದ್ದರೆ ಅವಳು ಕೊಟ್ಟಿಗೆಗೆಂದು ಬುಟ್ಟಿ ಹುಡುಕುತ್ತಿದ್ದಳು.

ಕೆಂಪು ಮೇಪಲ್‌ಗಳನ್ನು ಎಲ್ಲರೂ ಹೊಗಳುತ್ತಾರೆ, ನಾನೇನೂ ಹೊಸದಾಗಿ ಬರೆಯಬೇಕಿಲ್ಲ. ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಡಾನ್ ರೆಡ್‌ವುಡ್. ಸೂಜಿಯೆಲೆಯ ಮರವಾದರೂ ಇದು ತಾಮ್ರದ ಬಣ್ಣಕ್ಕೆ ತಿರುಗಿ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ. 1941ರಲ್ಲಿ ಪಳೆಯುಳಿಕೆಗಳ ಆಧಾರದಿಂದ ಇದಕ್ಕೆ ಹೆಸರಿಟ್ಟಾಗ ಮರ ಎಂದೋ ಅಳಿದುಹೋಯಿತೆಂದೇ ನಂಬಿದ್ದರು. ಆಮೇಲೆ ಚೀನಾದಲ್ಲಿ ಜೀವಂತ ಮರಗಳೇ ಸಿಕ್ಕವು, 1948ರಲ್ಲಿ ಅವುಗಳ ಬೀಜ ಈ ತೋಟಕ್ಕೆ ಬಂದು, ಇಲ್ಲಿಂದ ಬೇರೆ ತೋಟಗಳಿಗೂ ಹಂಚಿಕೆಯಾಯಿತು.

ಇಲ್ಲಿನ ಮರಗಳಿಗೆ ಬೆರಳಗಲದ ಲೋಹದ ಚೀಟಿ ಕಟ್ಟಿ, ಹೆಸರು, ದಾಖಲೆಯ ಸಂಖ್ಯೆ ಮತ್ತು ಬಂದ ಮೂಲವನ್ನು ಅದರಲ್ಲಿ ಒತ್ತಿದ್ದಾರೆ. ಅದನ್ನು ಓದುತ್ತಾ ಹೋದಂತೆ ನಮ್ಮ ಬಾವಿಯ ಪಕ್ಕದ ಜೀರಿಗೆ ಮಿಡಿಯ ಮಾವಿನ ಮರ ಕಣ್ಮುಂದೆ ಬಂತು. ಅದರ ಕಸಿಯನ್ನು ಯಾರ ಮನೆಯಿಂದ, ಯಾವ ವರ್ಷ ತಂದದ್ದೆಂದು ನಿಮಗೆ ನೆನಪಿದ್ದಷ್ಟನ್ನು ಮುಂದಿನ ಪತ್ರದಲ್ಲಿ ಬರೆದು ತಿಳಿಸಿರಿ.

ನಿಮ್ಮ ಪ್ರೀತಿಯ ಮಗಳು