ದೀಪ ಹಚ್ಚಿದ ವರ್ಷದ ಹಕ್ಕಿ

ಪ್ರೀತಿಯ ಗೆಳೆಯಾ,

ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಗಳ ಹುಚ್ಚು ಇನ್ನೂ ಇಳಿದಿಲ್ವಾ ಅಂತ ನೀನು ಕೇಳಿದ್ದೆ. ಇಲ್ಲ ಮಾರಾಯ, ಜಾಸ್ತಿಯೇ ಆಗಿದೆ. ನ್ಯೂಜಿಲೆಂಡಿನ ಕುಕ್ ಜಲಸಂಧಿಯ ಅಂಚಿನಲ್ಲಿ ಸ್ಟೀಫನ್ಸ್ ಅಂತ ಒಂದು ದ್ವೀಪ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ತಾಕಪೊರೆವಾ ಅನ್ನುತ್ತಾರೆ. ಎಲ್ಲಾ ಸೇರಿ ಒಂದೂವರೆ ಚದರ ಕಿಲೋಮೀಟರ್, ಅಷ್ಟೇ. 1894ರ ಜನವರಿಯಲ್ಲಿ ಅಲ್ಲಿನ ದೀಪಸ್ತಂಭದ ದೀಪ ಹಚ್ಚಿದರು, ಸಮುದ್ರಮಟ್ಟದಿಂದ 183 ಮೀಟರ್ ಎತ್ತರದಲ್ಲಿ. ದೀಪ ಕಾಯುವವರ ಸಂಸಾರಗಳು ಬಂದವು. ಅವರ ಹಿಂದೆಯೇ ಬೆಕ್ಕೂ ಬಂತು.

ಬೆಕ್ಕು ಪುಟ್ಟ ಹಕ್ಕಿಗಳನ್ನು ಕಚ್ಚಿ ತಂದು ಹಾಕತೊಡಗಿತು. ಮೋಟು ಬಾಲ, ಹಾರಲು ಬಾರದ ಹಕ್ಕಿ. ದೀಪ ಕಾಯುವ ಸಹಾಯಕನಾಗಿದ್ದ ಡೇವಿಡ್ ಲಯಲ್ ಅವನ್ನು ಎಸೆಯಲಿಲ್ಲ. ಚರ್ಮ ಬಿಡಿಸಿ ಜೋಪಾನ ಮಾಡಿದ, ಬಲ್ಲವರ ಕೈಗೆ ಮುಟ್ಟಿಸಿದ. ಇಂಗ್ಲೆಂಡಿನ ಪಕ್ಷಿತಜ್ಞ ವಾಲ್ಟರ್ ರಾತ್ಸ್‌ಚೈಲ್ಡ್ ಇದು ಹೊಸ ಜಾತಿ ಅಂತ ಹೇಳಿ ಲಯಲನ ಹೆಸರನ್ನೇ ಇಟ್ಟ. ಹೆಸರು ಸಿಗುವ ಹೊತ್ತಿಗೆ ಹಕ್ಕಿಯ ಕತೆ ಮುಗಿಯುತ್ತಾ ಬಂದಿತ್ತು. ಒಂದೇ ಬೆಕ್ಕು ಇಡೀ ಜಾತಿಯನ್ನು ತಿಂದಿತು ಅಂತ ಹೇಳುವವರಿದ್ದಾರೆ, ನಂಬಬೇಡ. ದ್ವೀಪದ ತುಂಬ ಬೆಕ್ಕುಗಳು ಹೆಚ್ಚಿ ಕಾಡು ಸೇರಿದ್ದವು. ಆಚೆ ನ್ಯೂಜಿಲೆಂಡಿನ ಮುಖ್ಯ ನೆಲದಲ್ಲಿದ್ದ ಇದೇ ಜಾತಿಯ ಹಕ್ಕಿಗಳು ಎಷ್ಟೋ ಹಿಂದೆಯೇ ಇಲಿಗಳ ಬಾಯಿಗೆ ಹೋಗಿದ್ದವು.

ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ. ಲಯಲ್ ಆ ಹಕ್ಕಿಯನ್ನು ಜೀವಂತವಾಗಿ ನೋಡಿದ್ದು ಎರಡೇ ಸಲ, ಅದೂ ಸಂಜೆ ಹೊತ್ತು. ಬಂಡೆಗಳ ನಡುವೆ ಇಲಿಯ ಹಾಗೆ ಓಡುತ್ತಿತ್ತಂತೆ, ಹತ್ತಿರ ಹೋಗಲೂ ಬಿಡದಷ್ಟು ಚುರುಕು. ಅದು ಹೇಗೆ ಬದುಕಿತ್ತು ಅಂತ ನಮಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಆ ಒಬ್ಬ ಮನುಷ್ಯ ಕಣ್ಣಿಟ್ಟು ನೋಡಿ ಹೇಳದಿದ್ದರೆ ಇದೂ ಇರುತ್ತಿರಲಿಲ್ಲ.

ಅಮ್ಮನಿಗೆ ಮರೆವು ಜಾಸ್ತಿಯಾಗಿದೆ ಕಣೋ. ನಿನಗೂ ಹೇಳಿರಲಿಲ್ಲ. ಈಗ ಅವಳು ಆಡುವ ಮಾತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬೈದರೆ ಬೈಗುಳವನ್ನೂ ಬಿಡುವುದಿಲ್ಲ. ನಿನ್ನೆ ನನ್ನನ್ನು 'ಯಾರಪ್ಪಾ ನೀನು' ಅಂದಳು. ಅದನ್ನೂ ಬರೆದೆ. ಬರೆಯುವಾಗ ಕೈ ನಡುಗಿತು.

ಎಲ್ಲರೂ ಓದುವ ಈ ಪತ್ರದಲ್ಲಿ ಇದನ್ನೆಲ್ಲ ಹೇಳುವ ಯೋಚನೆ ಇರಲಿಲ್ಲ. ಇರಲಿ ಬಿಡು.

ಒಳ್ಳೆ ಸುದ್ದಿಯೂ ಇದೆ. 1925ರ ಹೊತ್ತಿಗೆ ದ್ವೀಪದಲ್ಲಿ ಬೆಕ್ಕುಗಳು ಇಲ್ಲವಾದವು. 1989ರಿಂದ ದೀಪ ತಾನಾಗಿಯೇ ಉರಿಯುತ್ತದೆ. ಟುವಾಟರಾ ಅನ್ನುವ, ಹಲ್ಲಿಯಂತೆ ಕಂಡರೂ ಹಲ್ಲಿಯಲ್ಲದ ಪುರಾತನ ಪ್ರಾಣಿ ಅಲ್ಲಿ ಸಾವಿರಗಟ್ಟಲೆ ಇದೆ. ಒಂದರ ಫೋಟೋ ಕಳಿಸಿದ್ದೇನೆ. ಆ ಕತ್ತು, ಆ ನೋಟ! ನಮ್ಮಿಬ್ಬರಿಗೂ ಗೊತ್ತಿರುವ ಆ ಕರ್ನಲ್ ಥೇಟ್ ಹೀಗೇ ಅಲ್ಲವಾ, ಹೇಳು ನೋಡೋಣ.

ನಿನ್ನ,
ಮೂರನೇ ಬೆಂಚಿನವನು