ಉದ್ಘಾಟನೆ ಸಾಕು, ಉಪನ್ಯಾಸ ಕೊಡಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಉಪನ್ಯಾಸಗಳನ್ನು ಪೂರ್ತಿಯಾಗಿ ಚಿತ್ರೀಕರಿಸಿ ಜನರಿಗೆ ಒದಗಿಸುವ ಕುರಿತು

ಮಾನ್ಯರೇ,

ನಾನು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯವನು. 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಈ ವಿಚಾರವಾಗಿ ಇದುವರೆಗೆ ಒಂಬತ್ತು ಅರ್ಜಿ ಬರೆದಿದ್ದೇನೆ. ಎಲ್ಲವನ್ನೂ ಮುಚ್ಚಿದ ಲಕೋಟೆಯಲ್ಲಿ, ಸಂಬಂಧಪಟ್ಟವರ ಹೆಸರಿಗೆ, ಪದ್ಧತಿ ಪ್ರಕಾರವೇ ಕಳಿಸಿದ್ದೆ. ಹತ್ತನೆಯದನ್ನು ಎಲ್ಲರೂ ಓದಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಇಷ್ಟೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ದತ್ತಿ ಉಪನ್ಯಾಸ, ವಿಶೇಷ ಉಪನ್ಯಾಸ, ವಿಚಾರ ಸಂಕಿರಣಗಳನ್ನು ಮೊದಲಿಂದ ಕೊನೆಯವರೆಗೆ, ಮಾತು ಸರಿಯಾಗಿ ಕೇಳುವ ಹಾಗೆ ಚಿತ್ರೀಕರಿಸಿ, 15 ದಿನದೊಳಗೆ ಯಾರು ಬೇಕಾದರೂ ನೋಡುವಂತೆ ಇಡಬೇಕು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ತಾವೇ ಸಮಕುಲಾಧಿಪತಿಗಳು. ಬೋಧನೆ, ಸಂಶೋಧನೆಯ ಜೊತೆಗೆ ವಿಸ್ತರಣೆಯೂ, ಅಂದರೆ ತಿಳಿವಳಿಕೆಯನ್ನು ಹೊರಗಿನ ಜನರಿಗೆ ಮುಟ್ಟಿಸುವುದೂ, ವಿಶ್ವವಿದ್ಯಾಲಯದ ಕೆಲಸ ಎಂದು ನಾನು ತಮಗೆ ಹೇಳಿಕೊಡಬೇಕಾಗಿಲ್ಲ.

ಈ ಪತ್ರ ಬರೆಯುವಂತೆ ಮಾಡಿದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ದಯವಿಟ್ಟು ತಾಳ್ಮೆಯಿಂದ ಓದಿ.

ನಮ್ಮೂರ ಅರಳಿಕಟ್ಟೆಯ ಹಿಂದೆ ಒಂದು ವೀರಗಲ್ಲು ಇದೆ. ಎದೆಯೆತ್ತರದ ಕಲ್ಲು, ಮೂರು ಅಂಕಣ. ಕೆಳಗಿನದರಲ್ಲಿ ಬಿಲ್ಲು ಹಿಡಿದ ಒಬ್ಬ, ಅವನ ಹಿಂದೆ ದನಗಳು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗ, ಕೈಮುಗಿದು ಕೂತ ವೀರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಐದು ಸಾಲು ಅಕ್ಷರ. ನಾನು ಹುಡುಗನಾಗಿದ್ದಾಗಿನಿಂದ ಆ ಅಕ್ಷರಗಳ ಮೇಲೆ ಬೆರಳಾಡಿಸಿದ್ದೇನೆ. ಓದಲು ಬರುತ್ತಿರಲಿಲ್ಲ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಅವರ ಕಾಲದಿಂದ ಬಂದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಮ್ಮ ಜಿಲ್ಲೆಯ ಸಂಪುಟವನ್ನು ಚಿತ್ರದುರ್ಗಕ್ಕೆ ಹೋಗಿ ನೋಡಿದೆ. ಅದರಲ್ಲಿ ನಮ್ಮ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ.

ನಾಲ್ಕು ವರ್ಷದ ಹಿಂದೆ, ನಮ್ಮೂರಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ವಿಶ್ವವಿದ್ಯಾಲಯವೊಂದರಲ್ಲಿ (ಹೆಸರು ಇಲ್ಲಿ ಬೇಡ) ವೀರಗಲ್ಲುಗಳ ಬಗ್ಗೆ ದತ್ತಿ ಉಪನ್ಯಾಸ ಇದೆ ಎಂದು ಪತ್ರಿಕೆಯಲ್ಲಿ ಓದಿದೆ. ಮಾತನಾಡುವವರು ಶಾಸನ ಓದುವುದರಲ್ಲೇ ಜೀವಮಾನ ಕಳೆದ ಹಿರಿಯ ಪ್ರಾಧ್ಯಾಪಕರು. ನನಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಆದರೂ ಬುತ್ತಿ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿದೆ.

ಅವರು ಒಂದೂಕಾಲು ಗಂಟೆ ಮಾತನಾಡಿದರು. ಅಂಥ ಪಾಠವನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವ ದಾಳಿ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ, ಊರಳಿವು ಎಂದರೆ ಊರೇ ನಾಶವಾಗುವ ಹೊತ್ತು, ಇವುಗಳಲ್ಲಿ ಯಾವುದಕ್ಕೆ ಸತ್ತವನ ಕಲ್ಲು ಹೇಗಿರುತ್ತದೆ ಎಂದು ಒಂದೊಂದೇ ಚಿತ್ರ ಹಾಕಿ ತೋರಿಸಿದರು. ಸವೆದ ಅಕ್ಷರವನ್ನು ನೆತ್ತಿಯ ಬಿಸಿಲಲ್ಲಿ ಓದಬೇಡಿ, ಸಂಜೆಯ ಓರೆ ಬೆಳಕಿನಲ್ಲಿ ಓದಿ, ಆಗ ಗುಳಿಯಲ್ಲಿ ನೆರಳು ನಿಲ್ಲುತ್ತದೆ ಎಂದರು. ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಹಾಕಿ ಅಚ್ಚು ತೆಗೆಯುವ ಕ್ರಮ ಹೇಳಿದರು. ಕೊನೆಯಲ್ಲಿ ಕೈ ಮುಗಿದು ಒಂದು ಮಾತು ಹೇಳಿದರು. ಊರಿನ ಕಲ್ಲುಗಳಿಗೆ ಪೇಂಟ್ ಬಳಿಯಬೇಡಿ, ಮಷಿನ್ ಹಚ್ಚಿ ಉಜ್ಜಬೇಡಿ, ಆ ಮೇಲೆ ಯಾರಿಂದಲೂ ಓದಲಾಗದು ಎಂದರು. ಸಭಾಂಗಣದಲ್ಲಿ ನನ್ನನ್ನೂ ಸೇರಿಸಿ ಎಪ್ಪತ್ತು ಜನರಿದ್ದೆವು. ಅರ್ಧಕ್ಕರ್ಧ ಹಾಜರಾತಿಗಾಗಿ ಕರೆತಂದು ಕೂರಿಸಿದ ಮಕ್ಕಳು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಇದನ್ನು ಊರಿಗೆ ಒಯ್ದು ತೋರಿಸಬಹುದಲ್ಲ ಎಂದುಕೊಂಡೆ.

ಆ ವಿಡಿಯೋ ಕೇಳಲು ಶುರು ಮಾಡಿದೆ. ವಿಭಾಗದವರು ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಿಸುವ ಪ್ರಸಾರಾಂಗದ ಕಡೆ ತೋರಿಸಿದರು, ಪ್ರಸಾರಾಂಗದವರು ಕುಲಸಚಿವರ ಕಚೇರಿಗೆ ಕಳಿಸಿದರು. ಕುಲಸಚಿವರ ಕಚೇರಿಯಲ್ಲಿ ಒಬ್ಬರು, ‘ನಿಮಗ್ಯಾಕೆ ಬೇಕು? ಅದು ನ್ಯಾಕ್ ದಾಖಲೆಗೆ ಮಾಡಿಸಿದ್ದು’ ಎಂದರು. ಸ್ವಾಮಿ, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯಿಂದ ತಪಾಸಣೆಗೆ ಬರುವ ನಾಲ್ಕು ಜನರಿಗೆ ತೋರಿಸಲು ಮಾಡಿದ್ದನ್ನು ತೆರಿಗೆ ಕಟ್ಟುವ ಜನರಿಗೆ ತೋರಿಸಬಾರದು ಎಂದು ಯಾವ ನಿಯಮದಲ್ಲಿದೆ?

ಕೊನೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. 30 ದಿನ ಕಳೆಯಿತು, ಉತ್ತರವಿಲ್ಲ. ಮೇಲ್ಮನವಿ ಸಲ್ಲಿಸಿದೆ. ಐದು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಡಿವಿಡಿ ಬಂತು. ಶಾಲೆಯ ಮಕ್ಕಳನ್ನು ಕರೆದು, ಪಕ್ಕದ ಮನೆಯಿಂದ ಕಂಪ್ಯೂಟರ್ ತಂದು ಹಾಕಿದೆ. ನಾಡಗೀತೆ ಬಂತು. ಸ್ವಾಗತ ಬಂತು. ದೀಪ ಬೆಳಗಿದರು, ಹಾರ ಹಾಕಿದರು, ಶಾಲು ಹೊದಿಸಿದರು. ಗಣ್ಯರು ಮಾತನಾಡಿದರು, ಮಾತನಾಡಿ ಎದ್ದು ಹೋದರು. 52ನೇ ನಿಮಿಷದಲ್ಲಿ ಪ್ರಾಧ್ಯಾಪಕರು ಮೈಕಿನ ಮುಂದೆ ಬಂದು, ಕನ್ನಡಕ ಸರಿ ಮಾಡಿಕೊಂಡು, ‘ಎಲ್ಲರಿಗೂ ನಮಸ್ಕಾರ’ ಎಂದರು. ಅಲ್ಲಿಗೆ ವಿಡಿಯೋ ನಿಂತಿತು.

ಜೊತೆಗಿದ್ದ ಹಿಂಬರಹದಲ್ಲಿ ಹೀಗಿತ್ತು: ‘ಸದರಿ ಕಾರ್ಯಕ್ರಮದ ಚಿತ್ರೀಕರಣವು ಉದ್ಘಾಟನಾ ಸಮಾರಂಭಕ್ಕೆ ಮಾತ್ರ ಸೀಮಿತವಾಗಿರುತ್ತದೆ.’

ಆ ಪ್ರಾಧ್ಯಾಪಕರು ಮರುವರ್ಷ ತೀರಿಕೊಂಡರು.

ನಮ್ಮೂರಲ್ಲಿ ಆಮೇಲೆ ಆಂಜನೇಯನ ಗುಡಿ ಜೀರ್ಣೋದ್ಧಾರ ಶುರುವಾಯಿತು. ಕಲ್ಲಿಗೂ ಬಣ್ಣ ಹೊಡೆಸೋಣ ಎಂದು ಹುಡುಗರು ಹೊರಟರು. ನಾನು ಬೇಡವೆಂದೆ. ‘ಮೇಷ್ಟ್ರೇ, ನಿಮ್ದು ಯಾವಾಗ್ಲೂ ಒಂದು ತಕರಾರು’ ಎಂದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕಕ್ಕೆ ಕರೆದು, ‘ಸಾ, ಯಾರಾದ್ರೂ ದೊಡ್ಡೋರು ಹೇಳಿರೋದು ಇದ್ರೆ ಮೊಬೈಲಲ್ಲಿ ತೋರ್ಸಿ, ಕಮಿಟಿಯೋರು ಕೇಳ್ತಾರೆ’ ಎಂದ. ನಾನೇನು ತೋರಿಸಲಿ? ಶಾಲು ಹೊದಿಸುವುದನ್ನು ತೋರಿಸಲೇ? ಗ್ರೈಂಡರ್ ಹಿಡಿದು ಪಾಚಿ ಉಜ್ಜಿದರು, ಮೇಲೆ ಬೆಳ್ಳಿ ಬಣ್ಣ ಬಳಿದರು. ಐದು ಸಾಲಿನಲ್ಲಿ ಈಗ ಒಂದೂವರೆ ಸಾಲೂ ಉಳಿದಿಲ್ಲ. ಯಾರ ದನಕ್ಕಾಗಿ, ಯಾವ ಕಾಲದಲ್ಲಿ, ಆ ಮನುಷ್ಯ ಸತ್ತ ಎಂಬುದು ಇನ್ನು ತಿಳಿಯುವುದಿಲ್ಲ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಭಕ್ತಿಯಿಂದ ಮಾಡಿದರು. ತಿಳಿದವರ ಮಾತು ಅವರಿಗೆ ತಲುಪಲಿಲ್ಲ. ತಲುಪಿಸಬೇಕಾದವರು ಕ್ಯಾಮೆರಾ ಆರಿಸಿ ಮನೆಗೆ ಹೋಗಿದ್ದರು.

ಇದು ಒಂದು ಕಡೆಯ ಮಾತಲ್ಲ ಮಾನ್ಯರೇ. ನಿವೃತ್ತನಾದ ಮೇಲೆ ನನಗೆ ಹೊತ್ತಿದೆ, ಮೊಮ್ಮಗಳು ಕೊಡಿಸಿದ ಫೋನಿದೆ. ಹುಡುಕಿ ಹುಡುಕಿ ನೋಡುತ್ತೇನೆ. ಎಷ್ಟೋ ವಿಡಿಯೋಗಳಲ್ಲಿ ಕ್ಯಾಮೆರಾ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತದೆ, ಮೈಕಿಗೆ ಜೋಡಿಸಿರುವುದಿಲ್ಲ, ಫ್ಯಾನಿನ ಸದ್ದಿನ ನಡುವೆ ಪಂಪನ ಪದ್ಯ ಕೇಳಿಸುವುದಿಲ್ಲ. ಹೆಸರಿನ ಜಾಗದಲ್ಲಿ ‘ಎರಡನೇ ದಿನ, ಮಧ್ಯಾಹ್ನದ ಗೋಷ್ಠಿ’ ಎಂದಷ್ಟೇ ಇರುತ್ತದೆ. ಯಾರು, ಯಾವುದರ ಬಗ್ಗೆ ಮಾತನಾಡಿದರು ಎಂದು ಗೊತ್ತಾಗುವುದಾದರೂ ಹೇಗೆ?

ನಮ್ಮ ಹಿರಿಯರು ಹೀಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಪ್ರಚಾರೋಪನ್ಯಾಸ ಶುರು ಮಾಡಿ ಅಧ್ಯಾಪಕರನ್ನು ಊರೂರಿಗೆ ಕಳಿಸಿತು. ಅವರು ಆಡಿದ್ದನ್ನು ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಹಂಚಿತು. ನಮ್ಮಪ್ಪ ಮೂರನೇ ಕ್ಲಾಸು ಓದಿದ ರೈತ. ಅವರ ಟ್ರಂಕಿನಲ್ಲಿ ಅಂಥ ನಾಲ್ಕು ಪುಸ್ತಕ ಇದ್ದವು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟಿನ ಪ್ರೇಷಕ ಇಟ್ಟು ಬಾನುಲಿ ನಡೆಸಿದರು. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಆ ಮನೆಯಿಂದ. ಒಬ್ಬ ಮೇಷ್ಟ್ರು ಕೈಯಿಂದ ಖರ್ಚು ಮಾಡಿ ತಿಳಿವಳಿಕೆಯನ್ನು ಜನರ ಕಿವಿಗೆ ಮುಟ್ಟಿಸಿದ ನಾಡು ಇದು. ಇವತ್ತು ಪ್ರತಿ ಅಧ್ಯಾಪಕರ ಜೇಬಿನಲ್ಲೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಾಧನ ಇದೆ. ಆದರೂ ಆಗುವುದಿಲ್ಲ ಎನ್ನುತ್ತೀರಿ.

ಬೆಂಗಳೂರಿನವರಿಗೆ ಇಷ್ಟು ಬಾಧೆಯಿಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ವಿಜ್ಞಾನ ಉಪನ್ಯಾಸಗಳಿಗೆ ಬಸವನಗುಡಿಯವರು ನಡೆದೇ ಹೋಗಬಹುದು. ಹೊಸದುರ್ಗದವರು, ಸಿಂಧನೂರಿನವರು, ಔರಾದದವರು ಏನು ಮಾಡಬೇಕು?

‘ಎನ್‌ಪಿಟಿಇಎಲ್ ಇದೆಯಲ್ಲ, ಸ್ವಯಂ ಇದೆಯಲ್ಲ’ ಎಂದು ತಮ್ಮ ಇಲಾಖೆಯ ಒಬ್ಬರು ನನಗೆ ಫೋನಿನಲ್ಲಿ ಹೇಳಿದರು. ಕಾಲೇಜು ಪಾಠಗಳ ವಿಡಿಯೋಗಳನ್ನು ಅಂತರ್ಜಾಲದಲ್ಲಿ ಇಡುವ ಆ ಯೋಜನೆಗಳು ಇವೆ, ನಿಜ. ನಮ್ಮ ಬೀದಿಯ ಡಿಪ್ಲೊಮಾ ಓದುವ ಹುಡುಗಿ ಐಐಟಿ ಪ್ರಾಧ್ಯಾಪಕರ ಪಾಠವನ್ನು ದನದ ಕೊಟ್ಟಿಗೆಯ ಪಕ್ಕ ಕೂತು ಕೇಳುತ್ತಾಳೆ, ನನಗೆ ಅದನ್ನು ನೋಡಿದರೇ ಕಣ್ಣು ತುಂಬುತ್ತದೆ. ಆದರೆ ಉಷ್ಣಗತಿಶಾಸ್ತ್ರವನ್ನು ಜಗತ್ತಿನ ಯಾವ ಮೂಲೆಯವರಾದರೂ ಹೇಳಿಕೊಟ್ಟಾರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನು ಎಲ್ಲರಿಗೂ ತೆರೆದಿಡುವುದಾಗಿ 2001ರಲ್ಲೇ ಸಾರಿತು. ಹಳಗನ್ನಡವನ್ನು ಯಾರು ಹೇಳಿಕೊಡುತ್ತಾರೆ? ಬಯಲುಸೀಮೆಯ ಕೆರೆಗಳ ಚರಿತ್ರೆಯನ್ನು, ನಮ್ಮ ಶಾಸನಗಳನ್ನು, ತತ್ವಪದಗಳನ್ನು ಎಂಐಟಿಯವರು ಬಂದು ಚಿತ್ರೀಕರಿಸುತ್ತಾರೆಯೇ? ಅದು ನಮ್ಮ ವಿಶ್ವವಿದ್ಯಾಲಯಗಳ ಕೋಣೆಗಳಲ್ಲಿ ಮಾತ್ರ ಇದೆ. ಅಲ್ಲಿ ಆಡಿದ್ದು ಅಲ್ಲೇ ಆರಿಹೋಗುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡಿನ ಕನ್ನಡ ಮಕ್ಕಳಿಗಂತೂ ಇದು ಸಿಗುವ ಬೇರೆ ದಾರಿಯೇ ಇಲ್ಲ.

ಪಿಎಚ್‌.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುತ್ತವೆ, ನಿಜ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರ ನಿಯಮದಲ್ಲಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡುವುದನ್ನು ಕಡ್ಡಾಯ ಮಾಡಿತು. ಕಡ್ಡಾಯ ಮಾಡಿದ್ದರಿಂದ ಆಯಿತು, ಇದನ್ನು ಗಮನಿಸಿ. ಮುನ್ನೂರು ಪುಟದ ಪ್ರಬಂಧವನ್ನು ನಮ್ಮೂರ ರೈತ ಓದಲಾರ. ಅದೇ ಸಂಶೋಧಕಿ ಮೌಖಿಕ ಪರೀಕ್ಷೆಯ ದಿನ ಇಪ್ಪತ್ತು ನಿಮಿಷ ಕನ್ನಡದಲ್ಲಿ ಹೇಳಿದರೆ ಕೇಳಿಯಾನು. ಆ ಇಪ್ಪತ್ತು ನಿಮಿಷವನ್ನೂ ಚಿತ್ರೀಕರಿಸಿ ಇಡಿ.

ಹಣವಿಲ್ಲ ಎಂದು ಹೇಳಬೇಡಿ. ಕಾಲರಿಗೆ ಸಿಕ್ಕಿಸುವ ಒಂದು ಮೈಕು, ಒಂದು ಫೋನು, ಕೊನೆಯವರೆಗೆ ಕೂರುವ ಒಬ್ಬ ವಿದ್ಯಾರ್ಥಿ ಸಾಕು. ಕೊರೋನಾ ಕಾಲದಲ್ಲಿ ಅತಿಥಿ ಉಪನ್ಯಾಸಕರು ಸಹ ಸಂಬಳ ಕಾಣದೆ ಮನೆಯಲ್ಲಿ ಕೂತು ಪಾಠ ಮುದ್ರಿಸಿಕೊಟ್ಟರು. ಅವರಿಗೆ ಸಾಧ್ಯವಾದದ್ದು ಕುಲಪತಿಗಳಿಗೆ ಸಾಧ್ಯವಿಲ್ಲವೇ? ಮಾತನಾಡುವವರ ಒಪ್ಪಿಗೆ ಬೇಕು ಎನ್ನುವುದಾದರೆ ಆಮಂತ್ರಣ ಪತ್ರದಲ್ಲೇ ಒಂದು ಸಾಲು ಸೇರಿಸಿ ಕೇಳಿ. ತುಣುಕು ಕತ್ತರಿಸಿ ಜಗಳ ಎಬ್ಬಿಸುತ್ತಾರೆ ಎಂಬ ಭಯ ಕೆಲವು ಅಧ್ಯಾಪಕರಿಗಿದೆ, ಅದು ನಿಜವಾದ ಭಯವೇ. ಪೂರ್ತಿ ಉಪನ್ಯಾಸ ಎದುರಿಗಿದ್ದರೆ ತುಣುಕಿಗೆ ಉತ್ತರ ಕೊಡಬಹುದು. ಪೂರ್ತಿಯದು ಇಲ್ಲದಿದ್ದರೆ ಏನನ್ನು ತೋರಿಸಿ ಉತ್ತರ ಕೊಡುತ್ತಾರೆ?

ಹಾಗಾಗಿ ಮತ್ತೆ ಕೇಳುತ್ತೇನೆ. ಒಂದು ಸುತ್ತೋಲೆ ಹೊರಡಿಸಿ. ಪ್ರತಿ ಉಪನ್ಯಾಸ, ಪೂರ್ತಿ, 15 ದಿನದೊಳಗೆ. ಮೇಲೆ ಕನ್ನಡದಲ್ಲಿ ಮಾತನಾಡಿದವರ ಹೆಸರು, ವಿಷಯ, ದಿನಾಂಕ. ಕುಲಪತಿ ಬದಲಾದರೂ, ಹಾರ್ಡ್ ಡಿಸ್ಕ್ ಕೆಟ್ಟರೂ ಕಳೆದುಹೋಗದಂತೆ ಇನ್ನೊಂದು ಕಡೆ ಪ್ರತಿ. ಉದ್ಘಾಟನೆಯನ್ನು ಚಿತ್ರೀಕರಿಸದಿದ್ದರೂ ನಮಗೆ ನಷ್ಟವಿಲ್ಲ. ಉಪನ್ಯಾಸ ಕೊಡಿ.

ಎಪ್ಪತ್ತು, ಎಂಬತ್ತು ದಾಟಿದ ಎಷ್ಟೋ ವಿದ್ವಾಂಸರು ನಮ್ಮ ನಡುವೆ ಇನ್ನೂ ಇದ್ದಾರೆ. ಕರೆದರೆ ಬರುತ್ತಾರೆ, ಕೇಳಿದರೆ ಹೇಳುತ್ತಾರೆ. ಸುತ್ತೋಲೆ ಮುಂದಿನ ವರ್ಷ ನೋಡೋಣ ಎನ್ನುವ ಹಾಗಿಲ್ಲ ಸ್ವಾಮಿ.

ಈ ಪತ್ರದ ಸಹಿ ಮಾಡಿದ ಪ್ರತಿಯನ್ನು ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಜೊತೆಗೆ ಆ ಡಿವಿಡಿಯ ಪ್ರತಿಯನ್ನೂ ಲಗತ್ತಿಸಿದ್ದೇನೆ. ಪೂರ್ತಿ ನೋಡಲು ತಮಗೆ ಸಮಯವಿಲ್ಲದಿದ್ದರೆ 52ನೇ ನಿಮಿಷಕ್ಕೆ ಹೋಗಿ ನೋಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ
ಹೊಸದುರ್ಗ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ